ಡಬ್ಬಿ ಬೇಡ, ಒಂದು ಒಳ್ಳೆ ಪ್ರಶ್ನೆ ಸಾಕು

ಹೋದ ಸಂಚಿಕೆಯಲ್ಲಿ ಜಿಯೋಕ್ಯಾಶಿಂಗ್, ಅಂದರೆ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಆಟದ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಕಾಗದ, ಮೆಸೇಜು ಬರುತ್ತವೆ ಅಂದುಕೊಂಡಿರಲಿಲ್ಲ. ಹಾಸನ, ಚಿಕ್ಕಮಗಳೂರು ಕಡೆಯವೇ ಜಾಸ್ತಿ. ಒಂದೇ ತರದ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಐದು ಹಾಕಿದ್ದೇನೆ. ಹೆಸರು ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ: ಸಾರ್, ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಪ್ರತಿ ವರ್ಷ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗುತ್ತೇವೆ. ಅರ್ಧ ಗಂಟೆಯಲ್ಲಿ ಸುತ್ತು ಹಾಕಿ, ಸೆಲ್ಫಿ ತೆಗೆದು, ಐಸ್‌ಕ್ಯಾಂಡಿಯವನ ಹತ್ತಿರ ನಿಂತುಬಿಡುತ್ತಾರೆ. ಗುಡಿಯಲ್ಲಿ ವರ್ಚುವಲ್ ಜಿಯೋಕ್ಯಾಶ್ (ಡಬ್ಬಿ ಇಲ್ಲದೆ ಬರೀ ಪ್ರಶ್ನೆ) ಇಟ್ಟರೆ ಮಕ್ಕಳು ಹುಡುಕಿಕೊಂಡು ಓಡಾಡುತ್ತಾರೆ ಅಂತ ಗೆಳೆಯರೊಬ್ಬರು ಹೇಳಿದರು. ಅದನ್ನು ಇಡುವುದು ಹೇಗೆ? ಎಲ್ಲಿ ನೋಂದಣಿ ಮಾಡಿಸಬೇಕು? — ಮೇಷ್ಟ್ರು, ಹಾಸನ

ಉತ್ತರ: ಮೇಷ್ಟ್ರೇ, ಮೊದಲು ಬೇಜಾರಿನ ವಿಷಯ ಹೇಳಿಬಿಡುತ್ತೇನೆ. ಜಿಯೋಕ್ಯಾಶಿಂಗ್‌ನ ದೊಡ್ಡ ಜಾಲತಾಣದಲ್ಲಿ ನಿಮಗೆ ಬೇಕು ಅನ್ನಿಸಿದ ತಕ್ಷಣ ಹೊಸ ವರ್ಚುವಲ್ ಕ್ಯಾಶ್ ಇಡಲು ಆಗುವುದಿಲ್ಲ. 2005ರಲ್ಲೇ ಅದನ್ನು ನಿಲ್ಲಿಸಿದರು. ಹಳೆಯವು ಹಾಗೇ ಉಳಿದುಕೊಂಡವು. ಆಮೇಲೆ 2017ರಲ್ಲಿ ಆಟದಲ್ಲಿ ಪಳಗಿದ 4,000 ಜನರನ್ನು ಅವರೇ ಆರಿಸಿ, ತಲಾ ಒಂದೊಂದು ಇಡಿ ಅಂತ ಬಿಟ್ಟರು. 2019ರಲ್ಲಿ, 2022ರಲ್ಲಿ ಹೀಗೇ ಮತ್ತೆ ಒಂದಷ್ಟು ಜನಕ್ಕೆ ಕೊಟ್ಟರು. ನೀವು ಇವತ್ತು ಖಾತೆ ತೆರೆದರೆ ನಿಮಗೆ ಸಿಗುವುದಿಲ್ಲ.

ಗೊತ್ತಿಲ್ಲದವರಿಗೆ ಒಂದು ಮಾತು. 2000ದ ಮೇ ತಿಂಗಳ ತನಕ ಸಾಮಾನ್ಯ ಜನರಿಗೆ ಸಿಗುವ ಜಿಪಿಎಸ್ ಸಿಗ್ನಲ್ಲನ್ನು ಅಮೆರಿಕ ಸರ್ಕಾರ ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ಅದನ್ನು ನಿಲ್ಲಿಸಿದ್ದೇ ತಡ, ಮೇ 3ರಂದು ಆರೆಗಾನ್ ರಾಜ್ಯದ ಡೇವ್ ಅಲ್ಮರ್ ಅನ್ನುವವರು ಕಾಡಿನಲ್ಲಿ ಒಂದು ಬಕೆಟ್ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶ ಕೊಟ್ಟು, ಹುಡುಕಿ ನೋಡೋಣ ಅಂದರು. ಆಟ ಶುರುವಾಗಿದ್ದು ಹೀಗೆ. ಬಚ್ಚಿಟ್ಟ ಡಬ್ಬಿಗೆ ಕ್ಯಾಶ್ ಅನ್ನುತ್ತಾರೆ. ವರ್ಚುವಲ್‌ನಲ್ಲಿ ಡಬ್ಬಿ ಇರುವುದಿಲ್ಲ. ಆ ಜಾಗಕ್ಕೆ ಹೋಗಿ ನಿಂತು ನೋಡಿದರೆ ಮಾತ್ರ ಉತ್ತರ ಸಿಗುವಂಥ ಪ್ರಶ್ನೆ ಇರುತ್ತದೆ. ಉತ್ತರವನ್ನು ಪ್ರಶ್ನೆ ಇಟ್ಟವರಿಗೆ ಗುಟ್ಟಾಗಿ ಕಳಿಸಬೇಕು.

ಕ್ಯಾಶ್ ಅಂದರೆ ನಮ್ಮ ಕಡೆ ದುಡ್ಡು. ಇದರಿಂದ ನಾನು ಒಂದು ಸಲ ಸಿಕ್ಕಿಹಾಕಿಕೊಂಡಿದ್ದೆ. ಅರಸೀಕೆರೆ ಕಡೆ ಊರಾಚೆಯ ಒಂದು ಸಣ್ಣ ಗುಡಿ. ಮಧ್ಯಾಹ್ನ ಒಬ್ಬನೇ ಮೊಬೈಲ್ ಹಿಡಿದು, ನೆಲ ನೋಡುತ್ತಾ, ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ ಹೋಗುತ್ತಿದ್ದೆ. ಕುರಿ ಕಾಯುತ್ತಿದ್ದ ಅಜ್ಜ ಬಂದು "ಏನ್ ಹುಡುಕ್ತಿದ್ದೀಯಪ್ಪ?" ಅಂದರು. ನಾನು ದಡ್ಡ, "ಕ್ಯಾಶ್ ಅಜ್ಜ, ನಿಧಿ ಹುಡುಕೋ ಆಟ ಇದ್ದಂಗೆ" ಅಂದುಬಿಟ್ಟೆ. ಹತ್ತು ನಿಮಿಷದಲ್ಲಿ ಆರು ಜನ ಸೇರಿದರು. ಒಬ್ಬ ನನ್ನ ಬ್ಯಾಗ್ ತೆಗೆಸಿ ಹಾರೆ, ಪಿಕಾಸಿ ಇದೆಯಾ ಅಂತ ನೋಡಿದ. ತಪ್ಪು ಅವರದಲ್ಲ. ನಿಧಿ ಆಸೆಗೆ ಗರ್ಭಗುಡಿ ಅಗೆದು, ಲಿಂಗ ಕಿತ್ತು ಹೋಗುವವರ ಕಾಟ ನಮ್ಮ ಹಳ್ಳಿಯವರಿಗೆ ಗೊತ್ತು. ಅವತ್ತಿನಿಂದ ನಿಧಿ ಅನ್ನುವ ಪದವನ್ನು ಗುಡಿಯ ಸುತ್ತಮುತ್ತ ಬಾಯಿಗೆ ತಂದಿಲ್ಲ. ನಿಮ್ಮ ಮಕ್ಕಳಿಗೂ ಹೇಳಿಕೊಡಿ: "ಪ್ರಶ್ನೆ ಆಟ" ಅನ್ನಿ, ಸಾಕು.

ಡಬ್ಬಿಯಂತೂ ಬೇಡವೇ ಬೇಡ. ಬೇಲೂರಿನಂಥ ಗುಡಿಯಲ್ಲಿ ವಾರಸುದಾರರಿಲ್ಲದ ಒಂದು ಪ್ಲಾಸ್ಟಿಕ್ ಡಬ್ಬಿ ಕಂಡರೆ ಕಾವಲುಗಾರರು ಪೊಲೀಸರನ್ನೇ ಕರೆಯಬೇಕಾಗುತ್ತದೆ.

ಹಾಗಾದರೆ ಏನು ಮಾಡಬಹುದು? ಜಾಲತಾಣದಲ್ಲೇ ಇರಬೇಕು ಅಂದರೆ ಒಂದು ದಾರಿ ಇದೆ. ಗುಡಿಯಲ್ಲಿ ಪ್ರಶ್ನೆಗಳು, ಅದರ ಉತ್ತರದ ಅಂಕಿಗಳನ್ನು ಜೋಡಿಸಿದರೆ ಕೊನೆಯ ಜಾಗದ ಅಕ್ಷಾಂಶ ರೇಖಾಂಶ. ಡಬ್ಬಿ ಇರುವುದು ಅಲ್ಲಿ, ಅಂದರೆ ಗುಡಿಯಿಂದ ದೂರ, ಪರಿಚಯದವರ ತೋಟದ ಗೇಟಿನ ಹತ್ತಿರ, ಅವರನ್ನು ಕೇಳಿ ಇಟ್ಟಿದ್ದು. ಹೂಳುವಂತಿಲ್ಲ. ಬೇರೆಯವರ ಡಬ್ಬಿಯಿಂದ 161 ಮೀಟರ್ ಆದರೂ ದೂರ ಇರಬೇಕು. ಸ್ವಯಂಸೇವಕರೊಬ್ಬರು ಪರೀಕ್ಷೆ ಮಾಡಿ ಒಪ್ಪಿದರೆ ಪ್ರಕಟ ಆಗುತ್ತದೆ. ಇನ್ನೊಂದು ಅರ್ಥ್‌ಕ್ಯಾಶ್. ಅದಕ್ಕೂ ಡಬ್ಬಿ ಬೇಕಿಲ್ಲ, 2004ರಿಂದ ಇದೆ, ಆದರೆ ಪಾಠ ಭೂವಿಜ್ಞಾನದ್ದೇ ಆಗಿರಬೇಕು. ಶ್ರವಣಬೆಳಗೊಳದ ವಿಂಧ್ಯಗಿರಿಯ ಬಂಡೆ ಬಗ್ಗೆ ಮಾಡಬಹುದು, ಗೊಮ್ಮಟನ ಬಗ್ಗೆ ಅಲ್ಲ.

ನನ್ನ ಕೇಳಿದರೆ ನಿಮ್ಮ ಮಕ್ಕಳಿಗೆ ಜಾಲತಾಣದ ಉಸಾಬರಿಯೇ ಬೇಡ. ಒಂದು ಹಾಳೆಯಲ್ಲಿ ಆರು ಜಾಗದ ಅಂಕಿ, ಆರು ಪ್ರಶ್ನೆ. ನಾಲ್ಕು ಮಕ್ಕಳಿಗೆ ಒಂದು ಮೊಬೈಲ್. ಉತ್ತರ ನಿಮ್ಮ ವಾಟ್ಸಾಪಿಗೆ. ನೋಂದಣಿ ಇಲ್ಲ, ಕಾಯುವ ಕೆಲಸ ಇಲ್ಲ, ಆಟ ಅದೇ.

ಪ್ರಶ್ನೆ: ನಾನೂ ನನ್ನ ತಂಗಿಯೂ ಸೇರಿ ಹಳೇಬೀಡಿಗೆ ಹತ್ತು ಪ್ರಶ್ನೆ ಬರೆದೆವು. ನಮ್ಮಣ್ಣ ಮನೆಯಲ್ಲಿ ಕೂತೇ ಗೂಗಲ್ ನೋಡಿ ಒಂಬತ್ತಕ್ಕೆ ಉತ್ತರ ಹೇಳಿಬಿಟ್ಟ! ಪ್ರಶ್ನೆ ಹೇಗೆ ಬರೆಯಬೇಕು? — ಕಾಲೇಜು ಹುಡುಗಿ, ಜಾವಗಲ್

ಉತ್ತರ: ನಿಮ್ಮಣ್ಣನಿಗೆ ಥ್ಯಾಂಕ್ಸ್ ಹೇಳಮ್ಮ, ಪುಕ್ಕಟೆ ಪರೀಕ್ಷೆ ಮಾಡಿಕೊಟ್ಟಿದ್ದಾನೆ. ನೀನು ಕಳಿಸಿದ ಪಟ್ಟಿ ನೋಡಿದೆ. "ಗುಡಿ ಕಟ್ಟಲು ಶುರು ಮಾಡಿದ ವರ್ಷ", "ಯಾವ ರಾಜನ ಕಾಲ", "ಯಾವ ಕಲ್ಲು". ಇವು ಪರೀಕ್ಷೆ ಪೇಪರಿನ ಪ್ರಶ್ನೆಗಳು. 1121, ವಿಷ್ಣುವರ್ಧನ, ಬಳಪದ ಕಲ್ಲು. ಇದಕ್ಕೆ ಹಳೇಬೀಡಿಗೆ ಯಾಕೆ ಹೋಗಬೇಕು, ಅಲ್ವಾ? ಸಿಗದೇ ಉಳಿದ ಹತ್ತನೆಯದೇ ನಿಮ್ಮ ಒಳ್ಳೆಯ ಪ್ರಶ್ನೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬರೆದರೆ ಅದೂ ಕೆಟ್ಟಿತು.

ನನಗೆ ಬಹಳ ಇಷ್ಟವಾದ ಒಂದು ಪ್ರಶ್ನೆ ದೊಡ್ಡಗದ್ದವಳ್ಳಿಯದು. ಹಾಸನದಿಂದ ಬೇಲೂರು ರಸ್ತೆಯಲ್ಲಿ ಹೋಗಿ ಒಳಕ್ಕೆ ತಿರುಗಬೇಕು. ಕೆರೆ ಪಕ್ಕದ ಲಕ್ಷ್ಮೀದೇವಿ ಗುಡಿ, ಬೇಲೂರಿಗಿಂತ ಸ್ವಲ್ಪ ಮೊದಲಿನದು. ರಾಜ ಕಟ್ಟಿಸಿದ್ದಲ್ಲ, ಕುಲ್ಲಹಣ ರಾಹುತ ಅನ್ನುವ ವ್ಯಾಪಾರಿ, ಅವನ ಹೆಂಡತಿ ಸಹಜಾದೇವಿ ಸೇರಿ ಕಟ್ಟಿಸಿದ್ದು. ಒಂದೇ ಗುಡಿಯಲ್ಲಿ ನಾಲ್ಕು ಗರ್ಭಗುಡಿ, ನಾಲ್ಕು ದಿಕ್ಕಿಗೆ. ಹೊರಗೆ ನಿಂತು ನೋಡಿದರೆ ಮೂರು ಶಿಖರ ಮೆಟ್ಟಿಲು ಮೆಟ್ಟಿಲಾಗಿ ಸಪಾಟಾಗಿವೆ, ಒಂದರಲ್ಲಿ ಮಾತ್ರ ಕೆತ್ತನೆ ತುಂಬಿದೆ. ಪ್ರಶ್ನೆ ಇಷ್ಟೇ: ಆ ಒಂದು ಶಿಖರದ ಕೆಳಗೆ ಕೂತ ದೇವರು ಯಾರು?

ನೋಡಲು ಸುಲಭ. ಆದರೆ ಮೊದಲು ಹೊರಗೆ ಪೂರ್ತಿ ಒಂದು ಸುತ್ತು ಬರಬೇಕು, ಯಾವ ದಿಕ್ಕು ಅಂತ ಮನಸ್ಸಿನಲ್ಲಿಟ್ಟುಕೊಳ್ಳಬೇಕು, ಆಮೇಲೆ ಕತ್ತಲೆಯ ಒಳಗೆ ಹೋಗಿ ಅದೇ ದಿಕ್ಕು ಹಿಡಿಯಬೇಕು. ಒಳಗೆ ಹೋದ ತಕ್ಷಣ ದಿಕ್ಕು ತಪ್ಪುತ್ತದೆ. ನನ್ನ ಜೊತೆ ಬಂದಿದ್ದ ಇಂಜಿನಿಯರ್ ಒಬ್ಬರು ಮೂರು ಸಲ ಒಳಗೆ ಹೊರಗೆ ಓಡಾಡಿದರು. ಹಾಗೆ ಓಡಾಡುವಾಗಲೇ ಕಾಳಿ ಗುಡಿಯ ಬಾಗಿಲಲ್ಲಿ ಎಲುಬು ಎಣಿಸುವಂತೆ ಕೆತ್ತಿದ ಬೇತಾಳಗಳು ಅವರ ಕಣ್ಣಿಗೆ ಬಿದ್ದದ್ದು. ಬಾಗಿಲು ಹಾಕಿರುವ ಹೊತ್ತಿಗೆ ಹೋದವರಿಗೆ ಅಂತ ಹೊರಗಿನದೇ ಇನ್ನೊಂದು ಪ್ರಶ್ನೆ ಜೊತೆಗೆ ಇಟ್ಟಿರಿ.

ಹಳೇಬೀಡಿಗೆ ಬರೋಣ. ಗೋಡೆಯ ಕೆಳಗಿನ ಸಾಲಿನಲ್ಲಿ ಆನೆ, ಅದರ ಮೇಲೆ ಸಿಂಹ, ಆಮೇಲೆ ಬಳ್ಳಿ, ಕುದುರೆ, ಇದೆಲ್ಲ ಎಲ್ಲ ಕಡೆ ಬರೆದಿದ್ದಾರೆ. ಒಟ್ಟು ಆನೆ ಎಷ್ಟು ಅಂತ ಕೇಳಬೇಡ, ಯಾರೂ ಎಣಿಸುವುದಿಲ್ಲ, ಎಣಿಸಿದರೂ ಇಬ್ಬರದು ಒಂದೇ ಬರುವುದಿಲ್ಲ. ಹೀಗೆ ಕೇಳು: "ದಕ್ಷಿಣದ ಬಾಗಿಲಿನ ಎಡಗಡೆಯ ಮೊದಲ ಮೂಲೆಯಿಂದ ಹತ್ತು ಆನೆ ನೋಡಿ. ಎಷ್ಟರ ಸೊಂಡಿಲಲ್ಲಿ ಏನಾದರೂ ಇದೆ?" ಹತ್ತೇ ಆನೆ. ಆದರೆ ಒಂದೊಂದರ ಮುಂದೂ ಕುಕ್ಕರುಗಾಲಲ್ಲಿ ಕೂರಬೇಕು. ಎರಡನೇ ಆನೆಗೂ ಮೂರನೇ ಆನೆಗೂ ಎಷ್ಟು ವ್ಯತ್ಯಾಸ ಅಂತ ಆಗಲೇ ಗೊತ್ತಾಗುವುದು.

ಅದೇ ಗುಡಿಯ ದಕ್ಷಿಣಕ್ಕೆ ಒಂದು ಕಂಬ ಇದೆ. ಗೈಡುಗಳು ಅಲ್ಲಿ ಜಾಸ್ತಿ ಹೊತ್ತು ನಿಲ್ಲಿಸುವುದಿಲ್ಲ. ಎರಡನೇ ಬಲ್ಲಾಳನ ಸೇನಾಪತಿ ಕುವರ ಲಕ್ಷ್ಮ, ಅವನ ಹೆಂಡತಿ, ಅವನ ಜೊತೆಗಾರರು, ಇವರೆಲ್ಲ ರಾಜ ಸತ್ತಾಗ ಪ್ರಾಣ ಕೊಟ್ಟ ಕಥೆ ಹೇಳುವ ಗರುಡಗಂಬ. ಶಾಸನ ಇದೆ, ಜೊತೆಗೆ ತಮ್ಮ ತಲೆ ತಾವೇ ಕತ್ತರಿಸಿಕೊಳ್ಳುವ ವೀರರ ಸಣ್ಣ ಸಣ್ಣ ಕೆತ್ತನೆ. "ಈ ಕಂಬದ ಮೇಲಿನವರು ಕತ್ತಿಯಿಂದ ಏನು ಮಾಡುತ್ತಿದ್ದಾರೆ?" ಅಂತ ಒಂದು ಪ್ರಶ್ನೆ ಇಟ್ಟರೆ, ಉತ್ತರ ಕಂಡವರು ಅಲ್ಲಿಂದ ಬೇಗ ಕದಲುವುದಿಲ್ಲ.

ಇನ್ನೊಂದು ಎಚ್ಚರಿಕೆ. ಬೋರ್ಡು, ಕಸದ ಡಬ್ಬಿ, ಬೆಂಚು, ಗೇಟಿನ ಬಣ್ಣ, ಇವುಗಳ ಮೇಲೆ ಪ್ರಶ್ನೆ ಇಡಬೇಡ. ಬೋರ್ಡಿನ ಮೂರನೇ ಸಾಲಿನ ಐದನೇ ಪದ ಯಾವುದು ಅಂತ ನಾನು ಒಂದು ಕಡೆ ಇಟ್ಟಿದ್ದೆ. ಒಂದೇ ವರ್ಷದಲ್ಲಿ ಹೊಸ ಬೋರ್ಡು ಬಂತು, ನನ್ನ ಉತ್ತರ ಗುಜರಿಗೆ ಹೋಯಿತು. ಕಲ್ಲು ಎಂಟುನೂರು ವರ್ಷದಿಂದ ಹಾಗೇ ಇದೆ, ಅದನ್ನೇ ನಂಬು. ಮುಟ್ಟಿ ನೋಡಿ, ಹತ್ತಿ ನೋಡಿ, ಒರೆಸಿ ಓದಿ ಅನ್ನುವ ಪ್ರಶ್ನೆಯೂ ಬೇಡ. ಸೀಮೆಸುಣ್ಣ, ಅರಿಶಿನ ಬಳಿದು ಅಕ್ಷರ ಓದುವ ಚಾಳಿ ನಮ್ಮವರಿಗೆ ಇದೆ. ಅಂಥದ್ದಕ್ಕೆ ನಿನ್ನ ಪ್ರಶ್ನೆ ದಾರಿ ಮಾಡಿಕೊಡಬಾರದು.

ಪ್ರಶ್ನೆ: ಬೇಲೂರು ಗುಡಿ ಅಂತ ಲೊಕೇಶನ್ ಅಂಕಿ ಕೊಟ್ಟು ಗೆಳೆಯರನ್ನು ಕಳಿಸಿದೆ. ಅವರು ಎಲ್ಲೋ ಹೊಲದ ಮಧ್ಯೆ ನಿಂತು ನನಗೆ ಬೈದರು. ಅಂಕಿ ನಾನು ಮ್ಯಾಪಿನಿಂದಲೇ ತೆಗೆದಿದ್ದು. ಎಲ್ಲಿ ತಪ್ಪಾಯಿತು? — ಮೊಬೈಲ್ ಅಂಗಡಿಯವರು, ಬೇಲೂರು

ಉತ್ತರ: ನಿಮ್ಮ ಅಂಕಿ ಸರಿ ಇದೆ, ಬರೆದ ರೀತಿ ತಪ್ಪು. ಗೂಗಲ್ ಮ್ಯಾಪಿನಲ್ಲಿ ಬೆರಳು ಒತ್ತಿ ಹಿಡಿದರೆ 13.163 ಅಂತ ಬರುತ್ತದೆ. ಇದು ಪೂರ್ತಿ ಡಿಗ್ರಿ ಲೆಕ್ಕ. ಜಿಯೋಕ್ಯಾಶಿಂಗ್‌ನವರು ಡಿಗ್ರಿ, ಆಮೇಲೆ ಮಿನಿಟ್ ಅಂತ ಬರೆಯುತ್ತಾರೆ. ನೀವು 13.163 ಅನ್ನು 13 ಡಿಗ್ರಿ 16.3 ಮಿನಿಟ್ ಅಂತ ಬರೆದಿದ್ದೀರಿ. ಚುಕ್ಕೆಯ ಮುಂದಿನದನ್ನು 60ರಿಂದ ಗುಣಿಸಬೇಕಿತ್ತು: 0.163 ಗುಣಿಸು 60, ಸುಮಾರು 9.78. ಅಂದರೆ 13 ಡಿಗ್ರಿ 9.78 ಮಿನಿಟ್. ನೀವು ಆರೂವರೆ ಮಿನಿಟ್ ಜಾಸ್ತಿ ಕೊಟ್ಟಿರಿ. ಅಕ್ಷಾಂಶದ ಒಂದು ಮಿನಿಟ್ ಅಂದರೆ ನೆಲದ ಮೇಲೆ 1.85 ಕಿಲೋಮೀಟರ್. ಲೆಕ್ಕ ಹಾಕಿ, ಪಾಪ, ನಿಮ್ಮ ಗೆಳೆಯರು ಗುಡಿಯಿಂದ 12 ಕಿಲೋಮೀಟರ್ ಉತ್ತರಕ್ಕೆ ಹೋಗಿ ನಿಂತಿದ್ದರು.

ರೇಖಾಂಶದಲ್ಲಿ ಈ ತಪ್ಪು ಆಗಲಿಲ್ಲ, ಯಾಕೆಂದರೆ 75.86 ಅನ್ನು 75 ಡಿಗ್ರಿ 86 ಮಿನಿಟ್ ಅಂತ ಹಾಕಿದರೆ ಆ್ಯಪ್ ಒಪ್ಪುವುದಿಲ್ಲ. ಮಿನಿಟ್ 60 ದಾಟುವ ಹಾಗಿಲ್ಲ.

ಮ್ಯಾಪಿನಿಂದ ತೆಗೆಯುವ ಬದಲು ನೀವೇ ಗುಡಿಗೆ ಹೋಗಿ, ಅಂಗಳದಲ್ಲಿ ಆಕಾಶ ಕಾಣುವ ಕಡೆ ನಿಂತು ಅಂಕಿ ತೆಗೆಯಿರಿ. ಮಂಟಪದ ಒಳಗೆ ಸಿಗ್ನಲ್ಲೇ ಸರಿ ಬರುವುದಿಲ್ಲ, ಎತ್ತರದ ಗೋಡೆಗೆ ಅಂಟಿ ನಿಂತರೆ ಸಿಗ್ನಲ್ ಕಲ್ಲಿಗೆ ಬಡಿದು ವಾಪಸ್ ಬಂದು ಚುಕ್ಕೆ ಆ ಕಡೆ ಈ ಕಡೆ ಕುಣಿಯುತ್ತದೆ. ಹತ್ತು ಹತ್ತು ನಿಮಿಷ ಬಿಟ್ಟು ಮೂರು ಸಲ ತೆಗೆದು ಹೋಲಿಸಿ. ಐದು ಹತ್ತು ಮೀಟರ್ ಹೆಚ್ಚುಕಮ್ಮಿ ಇರಲಿ ಬಿಡಿ, ಉಳಿದಿದ್ದನ್ನು ಮಾತಿನಲ್ಲಿ ಹೇಳಿ: "ಬಾಗಿಲಿಗೆ ಮುಖ ಮಾಡಿ ನಿಂತರೆ ಬಲಗಡೆ ತಲೆಯ ಮೇಲಿನ ಬೊಂಬೆ". ಹಾಂ, ಬೇಲೂರಿನಲ್ಲಿ ಚಪ್ಪಲಿ ಹೊರಗೇ ಬಿಡಬೇಕು, ಮಾರ್ಚ್, ಏಪ್ರಿಲ್ ಮಧ್ಯಾಹ್ನ ಅಂಗಳದ ಚಪ್ಪಡಿ ದೋಸೆ ಕಾವಲಿ ಆಗಿರುತ್ತದೆ. ಬಿಸಿಲಲ್ಲಿ ಐದು ನಿಮಿಷ ನಿಂತು ಎಣಿಸುವ ಪ್ರಶ್ನೆ ಇಟ್ಟರೆ ಮತ್ತೆ ಬೈಸಿಕೊಳ್ಳುತ್ತೀರಿ. ನೆರಳು ಬೀಳುವ ಕಡೆ ಹುಡುಕಿ.

ಪ್ರಶ್ನೆ: ನಮ್ಮದು ಚಿಕ್ಕಮಗಳೂರಿನ ಹತ್ತಿರ ಸಣ್ಣ ಹೋಂಸ್ಟೇ. ಬಂದವರೆಲ್ಲ ಮುಳ್ಳಯ್ಯನಗಿರಿಗೆ ಹೋಗಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಬರುತ್ತಾರೆ. ಸುತ್ತಲಿನ ಹಳೆ ಗುಡಿಗಳಿಗೆ ಹೀಗೆ ಪ್ರಶ್ನೆ ಆಟ ಮಾಡಿ ಕೊಡಬಹುದಾ? ಅನುಮತಿ ಬೇಕಾ? — ಗೃಹಿಣಿ, ಚಿಕ್ಕಮಗಳೂರು

ಉತ್ತರ: ಧಾರಾಳವಾಗಿ ಮಾಡಿ ಮೇಡಂ. ಒಂದೇ ಮಾತು, ಜಿಯೋಕ್ಯಾಶಿಂಗ್ ಜಾಲತಾಣಕ್ಕೆ ಹಾಕಲು ಹೋಗಬೇಡಿ. ಅಲ್ಲಿ ವ್ಯಾಪಾರದ ವಾಸನೆ ಬಂದರೂ ತಿರಸ್ಕಾರ ಮಾಡುತ್ತಾರೆ. ನಿಮ್ಮ ಅತಿಥಿಗಳಿಗೆ ಮಾತ್ರ ಅಂತ ಒಂದು ಹಾಳೆ ಮಾಡಿಡಿ.

ನಾನಾಗಿದ್ದರೆ ಮೊದಲು ತರೀಕೆರೆ ತಾಲ್ಲೂಕಿನ ಅಮೃತಾಪುರ ಹಾಕುತ್ತಿದ್ದೆ. ದೂರ ಆಯಿತು ಅನ್ನಬೇಡಿ. ಅಲ್ಲಿನ ಅಮೃತೇಶ್ವರ ಗುಡಿ 1196ರದು. ಮಂಟಪದ ಸುತ್ತಲಿನ ಗಿಡ್ಡ ಗೋಡೆಯ ಮೇಲೆ ಕಥೆ ಕೆತ್ತಿದ್ದಾರೆ: ದಕ್ಷಿಣಕ್ಕೆ ರಾಮಾಯಣ, 70 ಫಲಕ, ಉತ್ತರಕ್ಕೆ ಕೃಷ್ಣನ ಕಥೆ 25, ಮಹಾಭಾರತ 45. ಹೊಯ್ಸಳ ಗುಡಿಗಳಲ್ಲಿ ಕಥೆ ಪ್ರದಕ್ಷಿಣೆ ಹಾಕಿದ ಹಾಗೆ ಸಾಗುವುದು ವಾಡಿಕೆ. ಇಲ್ಲಿ ರಾಮಾಯಣ ಮಾತ್ರ ಅಪ್ರದಕ್ಷಿಣವಾಗಿ ಹೋಗುತ್ತದೆ! ಗೊತ್ತಿಲ್ಲದೆ ರೂಢಿಯಂತೆ ಸುತ್ತು ಹೊರಟವನಿಗೆ ರಾಮಾಯಣ ಕೊನೆಯಿಂದ ಶುರುವಾಗಿ ಹಿಂದಕ್ಕೆ ಓಡುತ್ತದೆ. ಈ ವಿಷಯ ಮೊದಲೇ ಹೇಳಬೇಡಿ. "ರಾಮಾಯಣದ ಮೊದಲ ಫಲಕ ಹುಡುಕಿ, ಅದರಲ್ಲಿ ಯಾರ್‍ಯಾರಿದ್ದಾರೆ ಬರೆಯಿರಿ" ಅಂತಷ್ಟೇ ಕೇಳಿ. ಗಂಡ ಹೆಂಡತಿ ಜಗಳ ಆಡುತ್ತಾ ಸುತ್ತುವುದನ್ನು ನಾನೇ ನೋಡಿದ್ದೇನೆ. ಒಬ್ಬರು ಇದು ಪಟ್ಟಾಭಿಷೇಕ ಅನ್ನುತ್ತಾರೆ, ಇನ್ನೊಬ್ಬರು ಅಲ್ಲ ಇದು ಶುರು ಅನ್ನುತ್ತಾರೆ. ಅಲ್ಲಿನ ಶಾಸನದ ಪದ್ಯ ಕವಿ ಜನ್ನ ಬರೆದದ್ದು, ಕನ್ನಡ ಓದಿದ ಅತಿಥಿ ಬಂದರೆ ಅದನ್ನೂ ತೋರಿಸಿ. ಹತ್ತಿರದಲ್ಲೇ ಬೇಕು ಅಂದರೆ ಬೆಳವಾಡಿ ಇದೆ, ವೀರನಾರಾಯಣ, ವೇಣುಗೋಪಾಲ, ಯೋಗಾನರಸಿಂಹ ಮೂವರೂ ಒಂದೇ ಕಡೆ.

ಅನುಮತಿ ವಿಷಯ. ಸುಮ್ನೆ ನೋಡಿ, ಕೈಯಲ್ಲಿ ಹಿಡಿದ ಮೊಬೈಲಿನಲ್ಲಿ ಫೋಟೊ ತೆಗೆದು, ಹಾಳೆಯಲ್ಲಿ ಉತ್ತರ ಬರೆಯುವುದಕ್ಕೆ ಯಾರನ್ನೂ ಕೇಳಬೇಕಿಲ್ಲ. ಟ್ರೈಪಾಡ್ ಇಟ್ಟರೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ಏನನ್ನಾದರೂ ಅಂಟಿಸುವುದು, ಕ್ಯೂಆರ್ ಕೋಡ್ ಸ್ಟಿಕ್ಕರ್ ಹಚ್ಚುವುದು, ಕಲ್ಲಿನ ಮೇಲೆ ಗುರುತು ಹಾಕುವುದು ಇದೆಲ್ಲ ಬೇಡ. ರಕ್ಷಿತ ಸ್ಮಾರಕವನ್ನು ಕೆಡಿಸಿದರೆ ಎರಡು ವರ್ಷ ಜೈಲು, ಒಂದು ಲಕ್ಷ ರೂಪಾಯಿ ದಂಡದ ತನಕ ಹೋಗುತ್ತದೆ. ಆದರೆ ಕಾನೂನಿಗಿಂತ ಮೊದಲು ಅರ್ಚಕರನ್ನು, ಕಾವಲುಗಾರರನ್ನು ಮಾತಾಡಿಸಿ. ಹಾಳೆ ತೋರಿಸಿ, "ಮಂಗಳಾರತಿ ಹೊತ್ತಲ್ಲಿ ಯಾರೂ ಅಡ್ಡ ಬರಲ್ಲ" ಅಂತ ಹೇಳಿ. ಅವರೇ ನಿಮಗೆ ಗೊತ್ತಿಲ್ಲದ ಒಂದು ಮೂಲೆ ತೋರಿಸುತ್ತಾರೆ, ನನಗೆ ಎಷ್ಟೋ ಪ್ರಶ್ನೆ ಸಿಕ್ಕಿದ್ದು ಹಾಗೇ.

ಪ್ರಶ್ನೆ: ಅಣ್ಣಾ, ಮಂಜರಾಬಾದ್ ಕೋಟೆಯ ನಕ್ಷತ್ರದ ಆಕಾರ ಕೆಳಗೆ ನಿಂತರೆ ಕಾಣುವುದೇ ಇಲ್ಲ. ಡ್ರೋನ್ ಹಾರಿಸಿ ಫೋಟೊ ತೆಗೆದರೆ ಪಾಯಿಂಟ್ ಅಂತ ಕ್ಯಾಶ್ ಮಾಡಿದರೆ ಹೇಗೆ? ಶೆಟ್ಟಿಹಳ್ಳಿ ಚರ್ಚಿಗೂ ಅದನ್ನೇ ಇಡಬೇಕು ಅಂತಿದ್ದೇನೆ. — ಡಿಪ್ಲೊಮಾ ವಿದ್ಯಾರ್ಥಿ, ಸಕಲೇಶಪುರ

ಉತ್ತರ: ಡ್ರೋನ್ ಬೇಡ ತಮ್ಮಾ. ರಕ್ಷಿತ ಸ್ಮಾರಕದ ಮೇಲೆ ಅನುಮತಿ ಇಲ್ಲದೆ ಹಾರಿಸುವಂತಿಲ್ಲ, ನಿನ್ನ ಪ್ರಶ್ನೆ ನಂಬಿ ಹಾರಿಸಿದವನು ಸಿಕ್ಕಿಬಿದ್ದರೆ ನಿನ್ನ ಹೆಸರೇ ಹೇಳುತ್ತಾನೆ.

ಆದರೆ ನಕ್ಷತ್ರ ಕಾಣಿಸಲು ಬೇರೆ ಉಪಾಯ ಇದೆ. ಮೊಬೈಲಿನಲ್ಲಿ ನಡೆದ ದಾರಿ ಗುರುತಿಸುವ ಆ್ಯಪ್ ಹಾಕಿಕೊಂಡು, ಕೋಟೆಯ ಒಳಗೆ, ಗೋಡೆ ಪಕ್ಕ ನೆಲದ ಮೇಲೇ ಒಂದು ಪೂರ್ತಿ ಸುತ್ತು ನಡೆಯಲು ಹೇಳು. ಗೋಡೆ ಹೇಗೆ ತಿರುಗುತ್ತದೋ ಹಾಗೇ ತಿರುಗಬೇಕು, ಅಡ್ಡ ಹಾಯಬಾರದು. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ನಕ್ಷತ್ರ ಮೊಬೈಲ್ ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಮೂಲೆ ಸ್ವಲ್ಪ ಮೊಂಡಾಗಿ ಬರಬಹುದು, ಪರವಾಗಿಲ್ಲ. ಆ ಗೆರೆಯ ಚಿತ್ರ ಕಳಿಸಿದವನೇ ಗೆದ್ದವನು. ಮಳೆಗಾಲದಲ್ಲಿ ಗೋಡೆ ಮೇಲೆ ಹತ್ತಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆ, ಪಾಚಿ ಕಟ್ಟಿ ಜಾರುತ್ತದೆ.

ಶೆಟ್ಟಿಹಳ್ಳಿ ಬೇರೆ ಲೆಕ್ಕ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು, ಹೇಮಾವತಿ ಅಣೆಕಟ್ಟೆಯ ಹಿನ್ನೀರು ತುಂಬಿದಾಗ ಸುತ್ತಲೂ ನೀರು. ಬೇಸಿಗೆಯಲ್ಲಿ ಇಟ್ಟ ಪ್ರಶ್ನೆಗೆ ಆಗಸ್ಟಿನಲ್ಲಿ ಉತ್ತರ ಹುಡುಕಲು ಈಜಬೇಕಾಗುತ್ತದೆ. ಅದಕ್ಕೇ ಪ್ರಶ್ನೆಯನ್ನು ದಡದಿಂದಲೇ ಇಡು: "ದಡದಲ್ಲಿ ನಿಂತು ಫೋಟೊ ತೆಗೆಯಿರಿ, ತಾರೀಖು ಹಾಕಿ, ನೀರು ಎಲ್ಲಿಯವರೆಗೆ ಬಂದಿದೆ ಬರೆಯಿರಿ." ಪ್ರತಿಯೊಬ್ಬರ ಉತ್ತರವೂ ಬೇರೆ ಬೇರೆ, ಎಲ್ಲವೂ ಸರಿ. ಒಂದು ವರ್ಷ ಬಂದ ಫೋಟೊಗಳನ್ನು ತಾರೀಖಿನ ಪ್ರಕಾರ ಜೋಡಿಸಿ ನನಗೂ ಕಳಿಸು, ಇಲ್ಲೇ ಹಾಕೋಣ. ಒಡೆದ ಗೋಡೆ ಕೆಳಗೆ ಮಾತ್ರ ಯಾರನ್ನೂ ನಿಲ್ಲಿಸಬೇಡ.